ಅಂಗೈಗೆ ಸಿಕ್ಕ ಸಡಿಲು

ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಮೋಟಾರ್ ಸೈಕಲ್ಲೊಂದು ಇನ್ನೂ ಕಣ್ಣಿಗೆ ಬೀಳುವ ಮೊದಲೇ, ಬಜಾರದ ತನ್ನ ಗ್ಯಾರೇಜಿನಲ್ಲಿ ಕೂತ ಮೌಲಾಸಾಬ ಚಹಾದ ಬಸಿ ಕೆಳಗಿಟ್ಟು ಅದರ ರೋಗ ಹೇಳುತ್ತಿದ್ದ. “ಟ್ಯಾಪಿಟ್ ಸಡ್ಲ ಆಗೇತಿ,” ಎಂದೋ, “ಸೈಲೆನ್ಸರ್ ಬಾಯಿ ಬಿಟ್ಟೈತಿ,” ಎಂದೋ. ಗಾಡಿ ಬಂದು ನಿಂತು ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಶಿರಹಟ್ಟಿ, ಮುಂಡರಗಿ, ಆಚೆ ಸವಣೂರಿನಿಂದಲೂ ಜನ ಗಾಡಿ ತರುತ್ತಿದ್ದರು. ಅವನಿಗೂ ಅದರ ಗರ್ವವಿತ್ತು. ಗಿರಾಕಿ ಮಾತಾಡಲು ಬಾಯಿ ತೆರೆದರೆ ಕೈ ಎತ್ತಿ ನಿಲ್ಲಿಸಿ, “ನೀವು ಸುಮ್ನಿರ್ರಿ, ಗಾಡೀನ ಹೇಳ್ತೈತಿ,” ಎನ್ನುತ್ತಿದ್ದ.

ಗದಗ ಹೊಸ ಜಿಲ್ಲೆಯಾದ ಹೊತ್ತಿಗೆ ಆ ಕಿವಿ ಕೈಬಿಡತೊಡಗಿತು.

ಮೊದಲು ಹೋದದ್ದು ಸಣ್ಣ ಸದ್ದುಗಳು. ಅಂಗಳದ ಗುಬ್ಬಿ, ಹೆಂಡತಿ ಫಕೀರಬಿಯ ಬಳೆ, ಮಗಳು ಮೆಹನಾಜಳ ಹೊಲಿಗೆ ಯಂತ್ರ. ಅಷ್ಟಕ್ಕೆ ಅವನು ಹೆದರಲಿಲ್ಲ, ಎಂಜಿನ್ ಕೇಳಿಸುತ್ತಿತ್ತಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ಇಳಿಯುವಾಗ ಉಳಿದದ್ದನ್ನೂ ಬಾಚಿಕೊಂಡು ಹೋಯಿತು. ಹುಬ್ಬಳ್ಳಿಯ ಡಾಕ್ಟರು ನರ ಸತ್ತಿದೆ ಎಂದರು. ಕಿವಿಗೆ ಹಾಕುವ ಯಂತ್ರ ತರಿಸಿದರೆ ಅದರಲ್ಲಿ ಜೇನುಹುಟ್ಟು ಎದ್ದಂಥ ಗುಂಯ್ ಬಿಟ್ಟು ಬೇರೇನೂ ಇರಲಿಲ್ಲ.

ಕೆಲವು ತಿಂಗಳು ಅವನು ಕೇಳಿಸಿದವರ ಹಾಗೆ ನಟಿಸಿದ. ಎಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ ಅದರ ಹಿಡಿಯನ್ನು ಕಿವಿಗೆ ಹಚ್ಚಿ ತಲೆಯಾಡಿಸುತ್ತಿದ್ದ. ಒಂದು ದಿನ, ನಾಲ್ಕಾರು ಜನ ನಿಂತಿದ್ದಾಗ, ಗಿರಾಕಿಯೊಬ್ಬನಿಗೆ ಗದರಿದ: “ಸ್ಟಾರ್ಟ್ ಮಾಡ್ರಿ ಅಂದ್ನಲ್ಲ! ಎಷ್ಟ ಸಲ ಹೇಳಬೇಕು?” ಎಲ್ಲರೂ ನಕ್ಕರು. ಸೈಲೆನ್ಸರಿನ ಹೊಗೆ ತನ್ನ ಪಾಯಜಾಮಕ್ಕೆ ಬಡಿಯುತ್ತಿರುವುದನ್ನು ಅವನು ಆಗ ನೋಡಿದ. ಗಾಡಿ ಅಷ್ಟು ಹೊತ್ತೂ ಚಾಲೂ ಇತ್ತು.

ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಅಂಗಡಿಯ ಬಾಗಿಲು ಎಳೆದ. ಮರುದಿನ ತೆಗೆಯಲಿಲ್ಲ.

ಗಿರಾಕಿಗಳೆಲ್ಲ ಶಾನವಾಜನ ಕಡೆ ಹೋದರು. ಶಾನವಾಜ ಮೌಲಾಸಾಬನ ತಂಗಿಯ ಮಗ, ಅವನ ಕೈಯಲ್ಲೇ ಕೆಲಸ ಕಲಿತವನು, ಈಗ ಪೆಟ್ರೋಲ್ ಪಂಪಿನ ಎದುರು ಸ್ವಂತ ಗ್ಯಾರೇಜು ಹಾಕಿದ್ದ. ಒಳ್ಳೆಯ ಹುಡುಗನೇ. ಒಂದು ಶುಕ್ರವಾರ ಮನೆಗೆ ಬಂದು, “ಮಾಮು, ನನ್ನ ಅಂಗಡಿಗೆ ಬರ್ರಿ. ಕುರ್ಚಿ ಹಾಕ್ತೀನಿ, ಸುಮ್ನ ಕುಂಡ್ರಿ, ನಾಕ್ ಮಂದಿ ನಿಮ್ಮನ್ನ ನೋಡ್ತಾರ,” ಎಂದ. ಮೌಲಾಸಾಬನಿಗೆ ತುಟಿ ಓದಲು ಬರುತ್ತಿದ್ದದ್ದು ಮೆಹನಾಜಳದು ಮಾತ್ರ. ಅವಳು ಆ ಮಾತನ್ನು ತಿರುಗಿಸಿ ಹೇಳಿದಾಗ ಅವನು ಎದ್ದು ಒಳಗೆ ಹೋದ. ‘ಸುಮ್ನ ಕುಂಡ್ರಿ’ ಎಂಬುದು ಬಹಳ ದಿನ ಅವನನ್ನು ಕೊರೆಯಿತು.

ವಿಠೋಬಾ ಬಂದದ್ದು ಆ ವರ್ಷದ ಚಳಿಗಾಲದಲ್ಲಿ, ಒಂದು ಸಂತೆಯ ದಿನ.

ವಿಠೋಬಾ ಬೆಟಗೇರಿಯ ನೇಕಾರರ ಮನೆಯವನು. ಅವನ ಮನೆಯ ಕೈಮಗ್ಗ ನಿಂತು ಕೆಲವು ವರ್ಷವಾಗಿತ್ತು. ಓಣಿಯಲ್ಲಿ ಇನ್ನೂ ನೇಯುತ್ತಿದ್ದವರ ಸೀರೆಗಳನ್ನು ಗಂಟು ಕಟ್ಟಿ, ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಹೇರಿ, ಇವತ್ತು ಮುಂಡರಗಿ, ನಾಳೆ ಶಿರಹಟ್ಟಿ, ಮತ್ತೊಂದು ದಿನ ಲಕ್ಷ್ಮೇಶ್ವರ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಮಾತುಗಾರ. ಸೀರೆ ಕೊಳ್ಳದವರನ್ನೂ ನಗಿಸಿ ಕಳಿಸುವವನು. ಅಂದು ಮಾತ್ರ ಅವನ ಮುಖ ಬಾಡಿತ್ತು. ಗಾಡಿಯನ್ನು ದೂಡಿಕೊಂಡು ಮೌಲಾಸಾಬನ ಮನೆಯ ಅಂಗಳಕ್ಕೆ ಬಂದ.

“ಮೇಸ್ತ್ರಿ ಅದಾರೇನವಾ?”

“ಅಬ್ಬಾ ಈಗ ಕೆಲಸ ಮಾಡೂದಿಲ್ರಿ,” ಎಂದಳು ಮೆಹನಾಜ. “ಅವರಿಗೆ ಕಿವಿ ಕೇಳಂಗಿಲ್ಲ.”

“ಕೇಳೂದು ಬ್ಯಾಡವಾ. ಕೇಳಿದವ್ರೆಲ್ಲಾ ಕೇಳಿ ಆತು.” ವಿಠೋಬಾ ಹಣೆಯ ಬೆವರು ಒರೆಸಿಕೊಂಡ. “ಗದಗಿನ್ಯಾಗ ಒಬ್ಬಾಂವ ಪಿಸ್ಟನ್ ಅಂದ, ಹಾಕಿಸಿದೆ. ಶಿರಹಟ್ಟ್ಯಾಗ ಒಬ್ಬಾಂವ ಬೇರಿಂಗ್ ಅಂದ, ಅದೂ ಹಾಕಿಸಿದೆ. ನಿಮ್ಮ ಶಾನವಾಜನೂ ಎಂಜಿನ್ ಬಿಚ್ಚಿ ಕಟ್ಟ್ಯಾನ. ಕಟಕಟಾ ಅನ್ನೂದು ಹೋಗವಲ್ದು. ಕಾಯ್ತಂದ್ರ ನ್ಯೂಟ್ರಲ್ ಬೀಳೂದಿಲ್ಲ. ಏರು ಬಂತಂದ್ರ ಎಂಜಿನ್ ಬೊಬ್ಬಿ ಹೊಡೀತೈತಿ, ಗಾಡಿ ಮುಂದ ಹೋಗೂದಿಲ್ಲ. ಪ್ರತಿ ವಾರ ಮುಂಡರಗಿ ದಾರ್ಯಾಗಿನ ಡೋಣಿ ಏರಿನ್ಯಾಗ ಹೆಣ್ಮಕ್ಳು ಬಂದು ನನ್ನನ್ನ ದೂಡ್ತಾರ. ಅದೇನ್ ಬಾಳೇ?”

ಮೆಹನಾಜ ಇನ್ನೊಮ್ಮೆ ಇಲ್ಲವೆನ್ನುವಷ್ಟರಲ್ಲಿ ಅವನು ಗಂಟು ಬಿಚ್ಚಿ ಹೆಗಲಿಗೇರಿಸಿದ್ದ. “ಇಲ್ಲೇ ಇರ್ಲಿ. ಸಂತಿ ಮುಗಿಸಿ ಬಂದು ಒಯ್ತೀನಿ. ದೂಡಿ ದೂಡಿ ರಟ್ಟಿ ಸೋತಾವು,” ಎಂದು ನಡೆದುಬಿಟ್ಟ.

ಗಾಡಿ ನಿಂತದ್ದು ಫಕೀರಬಿ ಮೆಣಸಿನಕಾಯಿ ಒಣಗಹಾಕುವ ಬಿಸಿಲಿನ ಜಾಗದಲ್ಲಿ. ಅವಳು ಗಂಡನ ಎದುರು ಬಂದು ಮೆಣಸಿನಕಾಯಿಯ ಮೊರ ತೋರಿಸಿ, ಗಾಡಿ ತೋರಿಸಿ, ಕೈಯಿಂದ ಸರಿಸುವ ಸನ್ನೆ ಮಾಡಿದಳು. ಮೌಲಾಸಾಬ ಗೊಣಗುತ್ತ ಎದ್ದ. ಮೋಟಾರ್ ಸೈಕಲ್ಲೆಂಬುದನ್ನು ಮುಟ್ಟಿ ಬಹಳ ಕಾಲವಾಗಿತ್ತು. ಹ್ಯಾಂಡಲ್ ಹಿಡಿದು ದೂಡಿದ. ಗಾಡಿ ಸ್ವಲ್ಪ ಸರಿದು ಗಕ್ಕನೆ ನಿಂತಿತು. ವಿಠೋಬಾ ಅದನ್ನು ಗೇರಿನಲ್ಲೇ ಬಿಟ್ಟು ಹೋಗಿದ್ದ. ಹಿಂದಕ್ಕೆ ಎಳೆದ. ಸ್ವಲ್ಪ ಬಂದು ಮತ್ತೆ ಗಕ್ಕನೆ ನಿಂತಿತು.

ಮೌಲಾಸಾಬ ಗೊಣಗುವುದನ್ನು ನಿಲ್ಲಿಸಿದ.

ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಗೇರಿನಲ್ಲಿರುವ ಗಾಡಿಯ ಚಕ್ರ ಕೂದಲೆಳೆಯಷ್ಟು ಆಡಿ ಎಂಜಿನ್ನಿಗೆ ಸಿಕ್ಕಿ ನಿಲ್ಲಬೇಕು. ಇದು ಅಂಗೈ ಅಗಲದಷ್ಟು ಖಾಲಿ ತಿರುಗುತ್ತಿತ್ತು. ಆ ಖಾಲಿ ಮುಗಿದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದದ್ದು ಅವನ ಮೊಣಕೈವರೆಗೂ ಬಂತು. ಸದ್ದು ಬರಲಿಲ್ಲ. ಆದರೆ ಪೆಟ್ಟು ಬಂತು, ಸ್ಪಷ್ಟವಾಗಿ.

“ಮೆಹನಾಜ!” ಎಂದು ಕೂಗಿದ. ಕಿವುಡಾದ ಮೇಲೆ ಅವನ ದನಿ ಓಣಿಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. “ಇಲ್ಲಿ ಬಾ! ಚಕ್ರಾ ಹಿಡಿ!”

ಅವಳು ಸೂಜಿ ಬಿಟ್ಟು ಬಂದಳು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ಮೆಲ್ಲಗೆ ಆ ಕಡೆ ಈ ಕಡೆ ತೂಗಲು ಹೇಳಿ, ಅವನು ಪಕ್ಕದಲ್ಲಿ ಮಂಡಿಯೂರಿದ.

“ನೋಡು, ಚಕ್ರಾ ತಿರುಗೂದು ಚೈನಿನಿಂದ. ಚೈನ್ ಎಳಿಯೂದು ಗೇರ್. ಗೇರಿಗೆ ಎಂಜಿನ್ ಕೊಡೂದು ಕ್ಲಚ್. ಒಬ್ಬರ ಕೈ ಒಬ್ಬರು ಹಿಡ್ಕೊಂಡು ನಿಂತಂಗ. ನಡುವ ಯಾರೋ ಕೈ ಸಡ್ಲ ಬಿಟ್ಟಾರ. ಯಾರು ಅಂತ ಹಿಡೀಬೇಕು.”

ಹಿಂದಿನಿಂದ ಶುರು ಮಾಡಿದ. ಚಕ್ರದ ನಡುವಿನ ಗುಂಬದೊಳಗಿನ ರಬ್ಬರಿನ ಮೇಲೆ ಬೆರಳಿಟ್ಟ. ಗಟ್ಟಿ ಇತ್ತು. ಚೈನನ್ನು ಮೇಲೆ ಕೆಳಗೆ ಎತ್ತಿ ನೋಡಿದ. ಇರಬೇಕಾದಷ್ಟೇ ಸಡಿಲು. ಚೈನು ಓಡುವ ಮುಂದಿನ ಚಿಕ್ಕ ಹಲ್ಲಿನ ಚಕ್ರವನ್ನು ಹಿಡಿದು ಅಲ್ಲಾಡಿಸಿದ. ಯಾರೋ ಅದರ ನಟ್ಟನ್ನು ಸುತ್ತಿಗೆಯಿಂದ ಬಡಿದು ಬಿಗಿದಿದ್ದರು, ಅಲುಗಲಿಲ್ಲ. ಆಮೇಲೆ ಒಂದೊಂದೇ ಗೇರು ಹಾಕಿ ಮಗಳಿಂದ ಚಕ್ರ ತೂಗಿಸಿದ. ಗೇರು ಏರಿದಂತೆ ಸಡಿಲು ಸಮನಾಗಿ ಏರುತ್ತ ಹೋಯಿತು. ಯಾವುದೇ ಒಂದು ಗೇರಿನಲ್ಲಿ ಹಠಾತ್ತನೆ ಹೆಚ್ಚಲಿಲ್ಲ.

“ಗೇರಿನ ಹಲ್ಲಿಂದು ತಪ್ಪಿಲ್ಲ,” ಎಂದ. “ಹಲ್ಲು ಸವದಿದ್ರ ಅದೊಂದರಾಗ ಜಿಗೀತಿತ್ತು. ಉಳದದ್ದು ಕ್ಲಚ್.”

ಪಾನಾಗಳ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದಾಗ ಫಕೀರಬಿ ಬಾಗಿಲಲ್ಲಿ ನಿಂತು ನೋಡಿದಳು, ಮೆಣಸಿನಕಾಯಿಯ ಮಾತೆತ್ತಲಿಲ್ಲ.

ಎಣ್ಣೆ ಇಳಿಸಿ ಕ್ಲಚ್ಚಿನ ಮುಚ್ಚಳ ಬಿಚ್ಚಿದ. ಕ್ಲಚ್ಚಿನ ಪ್ಲೇಟುಗಳು ಒಂದು ಡಬ್ಬಿಯಲ್ಲಿ ಕೂತಿರುತ್ತವೆ. ಡಬ್ಬಿಗೆ ಸುತ್ತಲೂ ಬೆರಳುಗಳಂಥ ಕಂಬಗಳು. ಹ್ಯಾಂಡಲ್ಲಿನ ಹಿಡಿಕೆ ಒತ್ತಿದಾಗ ಪ್ಲೇಟುಗಳು ಆ ಕಂಬಗಳ ಗುಂಟ ಸರಿದು ಬೇರೆಬೇರೆಯಾಗಬೇಕು, ಬಿಟ್ಟಾಗ ಕೂಡಿಕೊಳ್ಳಬೇಕು. ಮೌಲಾಸಾಬ ಕಣ್ಣು ಮುಚ್ಚಿ ಕಂಬದ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಗರಗಸದ ಮೇಲೆ ಎಳೆದಂತಾಯಿತು. ವರ್ಷಗಟ್ಟಲೆ ಪ್ಲೇಟುಗಳು ಬಡಿಬಡಿದು ಅಂಚಿನ ತುಂಬ ಕಚ್ಚು ಬಿದ್ದಿದ್ದವು. ಡಬ್ಬಿಯನ್ನು ಹಿಡಿದು ಎಳೆದರೆ ಹೊರಗೂ ಒಳಗೂ ಆಡುತ್ತಿತ್ತು. ಅದರ ಹಿಂದೆ ಇರಬೇಕಾದ ದಪ್ಪ ಬಿಲ್ಲೆ ಸವೆದು ಹಾಳೆಯಾಗಿತ್ತು.

ಅವನಿಗೆ ಎಲ್ಲ ತಿಳಿಯಿತು. ಮಗಳಿಗೆ ಹೇಳುವಾಗ ಅವನ ಕೈಗಳು ಗಾಳಿಯಲ್ಲಿ ಕುಣಿದವು. “ಪ್ಲೇಟ್ ಈ ಕಚ್ಚಿನ್ಯಾಗ ಸಿಕ್ಕೊಂತಾವು. ಹಿಡಿಕಿ ಒತ್ತಿದ್ರೂ ಬಿಡೂದಿಲ್ಲ. ಅದಕ್ಕ ನ್ಯೂಟ್ರಲ್ ಬೀಳವಲ್ದು. ಇವರೇನ್ ಮಾಡ್ಯಾರ? ಕ್ಲಚ್ ಬಿಡವಲ್ದು ಅಂತ ವಯರ್ ಬಿಗದಾರ. ಇನ್ನೂ ಬಿಗದಾರ. ಹಿಡಿಕಿ ಮುಟ್ಟಿ ನೋಡು, ಹನಿ ಸಡ್ಲ ಇಲ್ಲ. ಹಿಡಿಕ್ಯಾಗ ಒಂದೀಟು ಸಡ್ಲ ಇರಬೇಕು. ಅದಿಲ್ಲಂದ್ರ ಕ್ಲಚ್ ಯಾವಾಗ್ಲೂ ಅರ್ಧ ಒತ್ತಿದಂಗ. ಅದಕ್ಕ ಏರಿನ್ಯಾಗ ಜಾರತೈತಿ! ಸಡ್ಲ ಇರೂ ಜಾಗಾದಾಗ ಬಿಗದಾರ, ಬಿಗಿ ಇರೂ ಜಾಗಾದಾಗ ಸಡ್ಲ ಬಿಟ್ಟಾರ!”

ಮಧ್ಯಾಹ್ನವಿಡೀ ಅರ ಹಿಡಿದು ಕಂಬಗಳ ಅಂಚನ್ನು ನಯ ಮಾಡಿದ. ಹೆಚ್ಚು ತಿಂದರೆ ಪ್ಲೇಟು ಸಡಿಲಾಗುತ್ತದೆ, ಕಡಿಮೆಯಾದರೆ ಕಚ್ಚು ಉಳಿಯುತ್ತದೆ. ಎರಡು ಸಲ ಅರ ಎಳೆದು ಒಂದು ಸಲ ಹೆಬ್ಬೆರಳು ಆಡಿಸುತ್ತಿದ್ದ. ಮೆಹನಾಜ ಬಟ್ಟೆಯ ಅಂಚು ಹಿಡಿಯುವ ನಾಜೂಕಿನಲ್ಲೇ ಡಬ್ಬಿ ಹಿಡಿದಿದ್ದಳು. ಹಳೆಯ ಪೆಟ್ಟಿಗೆಯಲ್ಲಿ ಸರಿಯಾದ ದಪ್ಪದ ಬಿಲ್ಲೆಯೂ ಸಿಕ್ಕಿತು. ವಿಠೋಬಾ ಸಂತೆ ಮುಗಿಸಿ ಬರುವಷ್ಟರಲ್ಲಿ ಗಾಡಿ ಕೂಡಿತ್ತು, ಹಿಡಿಕೆಯಲ್ಲಿ ಒಂದಿಷ್ಟು ಸಡಿಲು ಇತ್ತು.

“ಒದೀರಿ!” ಎಂದ ಮೌಲಾಸಾಬ.

ವಿಠೋಬಾ ಒದ್ದ. ಮೌಲಾಸಾಬ ಗಾಡಿಯನ್ನು ನೋಡಲಿಲ್ಲ, ವಿಠೋಬಾನ ಮುಖ ನೋಡಿದ. ಗೇರು ಹಾಕಿ, ತೆಗೆದು, ನ್ಯೂಟ್ರಲ್ಲಿನ ಹಸಿರು ದೀಪ ಹೊತ್ತಿದಾಗ ಆ ಮುಖ ಅರಳಿತು. ವಿಠೋಬಾ ಊರಾಚೆ ದೊಡ್ಡ ಸುತ್ತೊಂದು ಹೊಡೆದು ಬರುತ್ತೇನೆಂದು ಸನ್ನೆ ಮಾಡಿ ಹೋದ.

ತಿರುಗಿ ಬಂದಾಗ ಮುಖ ಅಷ್ಟು ಅರಳಿರಲಿಲ್ಲ. ಮೆಹನಾಜಳಿಗೆ ಏನೋ ಹೇಳಿದ. ಅವಳು ಅಪ್ಪನ ಕಡೆ ತಿರುಗದೆ ಮುಚ್ಚಳದ ಎಣ್ಣೆ ಒರೆಸುತ್ತ ನಿಂತಳು.

“ಏನಂದ್ರು? ಹೇಳು.”

“ಜಾರೂದಿಲ್ಲಂತ, ನ್ಯೂಟ್ರಲ್ ಛಲೋ ಬೀಳ್ತೈತಂತ,” ಎಂದಳು. ಆಮೇಲೆ, “ಕಟಕಟಾ ಅನ್ನೂದು ಮಾತ್ರ ಐತಂತ, ಅಬ್ಬಾ.”

ಮೌಲಾಸಾಬ ಕೈ ಒರೆಸಿಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಕೇಳಿಸದವನು ಸದ್ದಿನ ರೋಗಕ್ಕೆ ಮದ್ದು ಮಾಡಲು ಹೊರಟಿದ್ದನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ವಿಠೋಬಾ ಅಂಗಳದಲ್ಲಿ ನಿಂತು, “ಇಷ್ಟಾದ್ರೂ ಆತಲ್ರಿ, ಸಾಕು,” ಎನ್ನುತ್ತಿದ್ದದ್ದು ಅವನಿಗೆ ತಲುಪಲಿಲ್ಲ.

ಫಕೀರಬಿ ಅಡುಗೆಮನೆಯಿಂದ ಬಂದು ಗಂಡನ ಭುಜ ಹಿಡಿದು ಹೊರಳಿಸಿದಳು. ಅವಳ ಕೈ ತುಂಬ ಜೋಳದ ಹಿಟ್ಟು. ಅವನಿಗೆ ತಿಳಿಯಲೆಂದು ಒಂದೊಂದೇ ಶಬ್ದ ಬಾಯಿ ಅಗಲಿಸಿ ಹೇಳಿದಳು: “ಹಿಟ್ಟು ನಾದಿ, ಒಲಿ ಹಚ್ಚಿ, ರೊಟ್ಟಿ ಬಡೀಲಾರದ ಎದ್ದು ಹೋಗ್ತಾರೇನು ಯಾರರೇ?”

ಅವಳ ತುಟಿಯನ್ನು ಅವನು ಓದಿದ್ದು ಅದೇ ಮೊದಲು. ಎದ್ದು ಹೊರಗೆ ಬಂದು ವಿಠೋಬಾನಿಗೆ ಹೇಳಿದ: “ಇವತ್ತು ಇಲ್ಲೇ ಉಳೀರಿ, ಊಟಾ ಮಾಡ್ರಿ. ನಾಳೆ ಶಿರಹಟ್ಟಿ ಕಡೆ ಹೋಗೂಣು. ನಾ ಹಿಂದ ಕುಂಡ್ರತೀನಿ.”

ಬೆಳಿಗ್ಗೆ ಅವನು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಗಾಡಿ ಹತ್ತಿದ. ಕಿವುಡಾದ ಮೇಲೆ ಮೋಟಾರ್ ಸೈಕಲ್ ಹತ್ತಿದ್ದೇ ಇಲ್ಲ. ಊರು ದಾಟುವವರೆಗೆ ಕಣ್ಣು ಮುಚ್ಚಿ ವಿಠೋಬಾನ ಹೆಗಲು ಹಿಡಿದಿದ್ದ. ಸದ್ದಿಲ್ಲದೆ ಓಡುವ ಗಾಡಿ ಗಾಳಿಯಲ್ಲಿ ತೇಲಿದಂತಾಗಿ ಹೆದರಿಕೆ ಹುಟ್ಟಿಸಿತು. ಹತ್ತಿ ಹೊಲಗಳ ನಡುವಿನ ಡಾಂಬರು ರಸ್ತೆಗೆ ಬಂದಾಗ ಧೈರ್ಯ ಮಾಡಿ ಎಡಗಾಲನ್ನು ಮುಂದೆ ಚಾಚಿ ಪಾದವನ್ನು ಗೇರಿನ ಪೆಟ್ಟಿಗೆಯ ಪಕ್ಕಕ್ಕೆ ಒತ್ತಿದ.

ಎಂಜಿನ್ ಅಂಗಾಲಿನಲ್ಲಿ ಮಾತಾಡುತ್ತಿತ್ತು.

ಅವನಿಗೆ ಕೂಗಬೇಕೆನಿಸಿತು, ಪಾದವನ್ನು ಇನ್ನಷ್ಟು ಒತ್ತಿದ. ಗೇರು ಬದಲಾದದ್ದು, ಕ್ಲಚ್ ಕೂಡಿದ್ದು, ಒಂದು ಹೊಂಡಕ್ಕೆ ಚೈನು ಅದುರಿದ್ದು, ಎಲ್ಲವೂ ಬೇರೆ ಬೇರೆಯಾಗಿ ಗುರುತು ಸಿಗುತ್ತಿತ್ತು. ಗಾಡಿ ತಣ್ಣಗಿರುವಷ್ಟು ಹೊತ್ತು ಯಾವ ತಪ್ಪೂ ಇರಲಿಲ್ಲ. ಶಿರಹಟ್ಟಿ ಇನ್ನೂ ದೂರವಿರುವಾಗ, ಎಂಜಿನ್ ಚೆನ್ನಾಗಿ ಕಾದ ಮೇಲೆ, ವಿಠೋಬಾ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟ. ಅಂಗಾಲಿಗೆ ಚಿಕ್ಕ ಸುತ್ತಿಗೆಯಿಂದ ಹೊಡೆದಂತೆ ಒಂದು ಪೆಟ್ಟು. ಮತ್ತೆ ಬಿಟ್ಟ, ಕೊಟ್ಟ. ಮತ್ತೆ ಅದೇ ಪೆಟ್ಟು, ಅದೇ ಜಾಗದಲ್ಲಿ. ಮುಂದಲ್ಲ, ಎಂಜಿನ್ನಿನಲ್ಲಲ್ಲ. ಹಿಂದೆ, ಹಿಮ್ಮಡಿಯ ಹತ್ತಿರ.

“ಬಂತು! ಬಂತು! ನಿಂದರಸ್ರಿ!” ವಿಠೋಬಾನ ಬೆನ್ನಿಗೆ ಗುದ್ದುತ್ತ ಅವನು ಅರಚಿದ. ವಿಠೋಬಾ ಚೇಳು ಕಡಿಯಿತೇನೋ ಎಂದುಕೊಂಡು ಬೇವಿನ ಮರದ ಕೆಳಗೆ ಬ್ರೇಕು ಹಾಕಿದ.

“ಬಂದ್ ಮಾಡ್ರಿ. ತಣ್ಣಗಾಗಾಕ ಬಿಡಬ್ಯಾಡ್ರಿ. ಕಳ್ಳನ್ನ ಕದಿಯೂ ಹೊತ್ತಿನ್ಯಾಗ ಹಿಡೀಬೇಕು.”

ಚೈನಿನ ಮುಂದಿನ ಚಿಕ್ಕ ಮುಚ್ಚಳ ಬಿಚ್ಚಿದ. ಸುಡುವ ಹಲ್ಲಿನ ಚಕ್ರವನ್ನು ಟವೆಲಿನಲ್ಲಿ ಹಿಡಿದು, ಹಿಂದಿನ ಚಕ್ರ ತೂಗುವಂತೆ ವಿಠೋಬಾನಿಗೆ ಸನ್ನೆ ಮಾಡಿದ. ನಿನ್ನೆ ತಣ್ಣಗೆ ಕಲ್ಲಿನಂತಿದ್ದ ಆ ಚಿಕ್ಕ ಚಕ್ರ, ಈಗ ತಾನು ಕೂತ ದಂಡದ ಮೇಲೆಯೇ ಅತ್ತಿತ್ತ ಆಡುತ್ತಿತ್ತು. ಸುತ್ತಿಗೆ ಬಡಿದು ಬಿಗಿದ ನಟ್ಟು ತಣ್ಣಗಿದ್ದಾಗ ಅದನ್ನು ಹಿಡಿದಿಟ್ಟಿತ್ತು. ಕಾದೊಡನೆ ಬಿಟ್ಟುಕೊಡುತ್ತಿತ್ತು.

ಆಗಲೇ ಲಕ್ಷ್ಮೇಶ್ವರದ ಕಡೆಯಿಂದ ಇನ್ನೊಂದು ಮೋಟಾರ್ ಸೈಕಲ್ ಬಂದು ನಿಂತಿತು. ಶಾನವಾಜ. ಸಾಮಾನು ತರಲು ಶಿರಹಟ್ಟಿಗೆ ಹೊರಟಿದ್ದ. ಮಾಮು ರಸ್ತೆಯ ಪಕ್ಕ ಮಣ್ಣಿನಲ್ಲಿ ಕೂತದ್ದು ಕಂಡು ಗಾಬರಿಯಾಗಿ ಓಡಿಬಂದ. “ಏನಾತ್ರಿ? ಬಿದ್ರೇನು?”

ಮೌಲಾಸಾಬ ಅಳಿಯನ ಕೈ ಹಿಡಿದೆಳೆದು ಟವೆಲಿನ ಮೇಲಿಟ್ಟು ವಿಠೋಬಾನಿಗೆ ತಲೆಯಾಡಿಸಿದ. ವಿಠೋಬಾ ಚಕ್ರ ತೂಗಿದ. ಶಾನವಾಜನ ಹುಬ್ಬು ಮೇಲೇರಿತು. ಇನ್ನೊಮ್ಮೆ ತೂಗಲು ತಾನೇ ಸನ್ನೆ ಮಾಡಿದ.

“ನಾ ಇದನ್ನ ಎಂಜಿನ್ ಸದ್ದು ಅಂದಿದ್ನಲ್ಲ,” ಎಂದು ವಿಠೋಬಾನಿಗೆ ಹೇಳಿದ. “ಖರೇನ ಎಂಜಿನ್ನಿನ್ಯಾಗಿಂದ ಬಂದಂಗ ಕೇಳ್ತಿತ್ತು.”

ಅವನು ಏನಂದನೆಂದು ಮೌಲಾಸಾಬನಿಗೆ ಊಹೆಯಾಯಿತು. “ಸದ್ದು ಲೋಹದಾಗ ಓಡಾಡ್ತೈತಪಾ,” ಎಂದ. “ಹುಟ್ಟೂದು ಒಂದ ಕಡೆ, ಕೇಳೂದು ಒಂದ ಕಡೆ. ನಾನೂ ಆಗಿದ್ರ ಎಂಜಿನ್ ಅಂತಿದ್ದೆ. ಸಡ್ಲ ಮಾತ್ರ ಹುಟ್ಟಿದಲ್ಲೇ ಕುಂತಿರತೈತಿ.”

ನಟ್ಟು ಬಿಚ್ಚಿ ಚಕ್ರ ತೆಗೆದರು. ದಂಡದ ಹಲ್ಲು ಗಟ್ಟಿಯಾಗಿದ್ದವು. ಚಕ್ರದ ಒಳಗಿನ ಹಲ್ಲು ಮಾತ್ರ ಸವೆದು ಗುಂಡಗಾಗಿದ್ದವು. ಶಾನವಾಜ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡ. ಕೈಗಳಿಂದ ತಾನು ಗದಗಿಗೆ ಹೋಗಿ ಹೊಸದು ತರುತ್ತೇನೆಂದು ಮಾಮುವಿಗೆ ತೋರಿಸಿ, ಬಂದ ದಾರಿಗೇ ಗಾಡಿ ತಿರುಗಿಸಿದ. ಮೌಲಾಸಾಬ ಬೇವಿನ ಕಾಂಡಕ್ಕೆ ಒರಗಿ ಕೂತ. ಎಣ್ಣೆ ಮೆತ್ತಿದ ತನ್ನ ಎರಡೂ ಅಂಗೈ ನೋಡಿಕೊಂಡು ನಗತೊಡಗಿದ. ಕಾರಣ ಪೂರ್ತಿ ತಿಳಿಯದಿದ್ದರೂ ವಿಠೋಬಾನೂ ನಕ್ಕ. ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸರು ಇಬ್ಬರು ಗಂಡಸರು ಹೀಗೆ ಬಿಚ್ಚಿದ ಗಾಡಿಯ ಮುಂದೆ ಕೂತು ನಗುವುದನ್ನು ನೋಡುತ್ತ ಹೋದರು.

ಶಾನವಾಜ ತಂದ ಹೊಸ ಹಲ್ಲಿನ ಚಕ್ರ ಕೂತ ಮೇಲೆ ಸದ್ದು ಅಡಗಿತು. ಮುಂದಿನ ಮುಂಡರಗಿ ಸಂತೆಯ ದಿನ ವಿಠೋಬಾ ಮೌಲಾಸಾಬನನ್ನು ಬಿಡಲಿಲ್ಲ. ಹಿಂದಿನ ದಿನವೇ ಬೆಟಗೇರಿಗೆ ಕರೆದೊಯ್ದು ಮನೆಯಲ್ಲಿ ಉಣ್ಣಿಸಿ ಮಲಗಿಸಿದ. ಬೆಳಿಗ್ಗೆ ಸೀರೆಯ ಗಂಟು ಎಂದಿಗಿಂತ ದೊಡ್ಡದು ಕಟ್ಟಿದ. ಹಿಂದೆ ಮೌಲಾಸಾಬ, ಅವನ ಹಿಂದೆ ಗಂಟು. ವಿಠೋಬಾನ ಹೆಂಡತಿ ಬನಶಂಕರಿ, “ಡೋಣಿಯಾಗ ಈ ಸಲ ಇಬ್ಬರನ್ನ ದೂಡಬೇಕಾತು ಅವ್ರು,” ಎಂದಳು.

ಡಂಬಳ ದಾಟಿ ಡೋಣಿಯ ಕಡೆ ಹೊರಳಿದರೆ ಕಪ್ಪತಗುಡ್ಡ ಎದುರಿಗೆ ಬಂದು ನಿಲ್ಲುತ್ತದೆ. ಏರಿನ ಬುಡದಲ್ಲಿ ರೇಣುಕವ್ವನ ಚಹಾದಂಗಡಿ. ಸಂತೆಯ ದಿನ ವಿಠೋಬಾನ ಗಾಡಿಯ ಸದ್ದು ಕೇಳಿದರೆ ರೇಣುಕವ್ವ ಸೆರಗು ಸಿಕ್ಕಿಸಿ ಹೊರಗೆ ಬರುವುದು ರೂಢಿ. ಪಕ್ಕದ ಮನೆಯ ಕಳಕವ್ವನೂ, ಚಹಾ ಕುಡಿಯುತ್ತ ಕೂತ ಒಂದಿಬ್ಬರೂ ಕೂಡಿಕೊಳ್ಳುತ್ತಿದ್ದರು. ದೂಡಿ ಮೇಲೆ ಮುಟ್ಟಿಸಿದ ಮೇಲೆ ಅಲ್ಲೇ ಗಂಟು ಬಿಚ್ಚಿಸಿ ಎಲ್ಲರಿಗಿಂತ ಮೊದಲು ಹೊಸ ಸೀರೆ ನೋಡುವುದು ಅವರ ಹಕ್ಕು.

ಅಂದೂ ಅವರು ರಸ್ತೆಯ ಪಕ್ಕ ಸಿದ್ಧರಾಗಿ ನಿಂತಿದ್ದರು. ವಿಠೋಬಾ ಗೇರು ಇಳಿಸಿದ. ಮೌಲಾಸಾಬ ಅಂಗಾಲನ್ನು ಪೆಟ್ಟಿಗೆಗೆ ಒತ್ತಿದ. ಗಾಡಿ ಅವರ ಮುಂದಿನಿಂದ ನಿಲ್ಲದೆ ಹಾದು ಏರಿಗೆ ಮುಖ ಕೊಟ್ಟಿತು.

“ಏ ವಿಠೋಬಾ! ನಿಂದರೋ! ನಾವು ಇಲ್ಲೇ ಅದೀವಿ!” ಎಂದು ರೇಣುಕವ್ವ ಕೂಗಿದಳು.

ಮೊದಲ ತಿರುವು. ಯಾವಾಗಲೂ ಇಲ್ಲೇ ಎಂಜಿನ್ ಬೊಬ್ಬೆ ಹಾಕಿ ಗಾಡಿ ಸೋಲುತ್ತಿತ್ತು. ವಿಠೋಬಾನ ಬೆನ್ನು ಬಿಗಿಯಾದದ್ದು ಮೌಲಾಸಾಬನಿಗೆ ತಿಳಿಯಿತು. “ಕೊಡ್ರಿ!” ಎಂದು ಕೂಗಿದ. “ಹೆದರಬ್ಯಾಡ್ರಿ, ಹಿಡದೈತಿ! ನನ್ನ ಕಾಲಿಗೆ ಗೊತ್ತಾಗ್ತೈತಿ! ಕೊಡ್ರಿ!”

ವಿಠೋಬಾ ಕೊಟ್ಟ. ಗಾಡಿ ಗಟ್ಟಿಯಾಗಿ ನೆಲ ಕಚ್ಚಿ ಎಳೆಯಿತು. ಎರಡನೆಯ ತಿರುವಿನಲ್ಲಿ ಹುಲ್ಲು ಹೇರಿದ ಚಕ್ಕಡಿಯೊಂದನ್ನು ದಾಟಿದರು. ಮೇಲೆ ಮುಟ್ಟುವ ಮೊದಲೇ ವಿಠೋಬಾ ಹಾಡಲು ಶುರು ಮಾಡಿದ್ದ. ಮೌಲಾಸಾಬನಿಗೆ ಅದು ಅವನ ಬೆನ್ನೆಲುಬಿನಿಂದ ತನ್ನ ಎದೆಗೆ ಗುಂಗುಟ್ಟಿದ್ದು ತಿಳಿದು, ತಾನೂ ಗಂಟಲು ಬಿಚ್ಚಿ ಯಾವುದೋ ಹಳೆಯ ಮೊಹರಮ್ಮಿನ ಪದ ಎತ್ತಿಕೊಂಡ. ಇಬ್ಬರದೂ ಬೇರೆ ಬೇರೆ ಹಾಡು. ಗುಡ್ಡದ ನೆತ್ತಿಯಲ್ಲಿ ಗಾಳಿ ಹುಲ್ಲನ್ನೆಲ್ಲ ಒಂದೇ ಕಡೆ ಬಾಗಿಸುತ್ತಿತ್ತು.

ಅಲ್ಲಿ ನಿಂತು ಕೆಳಗೆ ನೋಡಿದರೆ ರೇಣುಕವ್ವ, ಕಳಕವ್ವ ಇನ್ನೂ ರಸ್ತೆಯಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಸಿಟ್ಟಾಗ್ಯಾರ,” ಎಂದ ವಿಠೋಬಾ. ಗಾಡಿ ತಿರುಗಿಸಿ ಏರನ್ನೆಲ್ಲ ಇಳಿದು ಅವರ ಮುಂದೆ ಬಂದು ನಿಲ್ಲಿಸಿದ.

“ಏನೋ, ದೂಡಾಕ ಬ್ಯಾಡಂದ್ರ ಸೀರಿ ತೋರಿಸೂದೂ ಬ್ಯಾಡೇನು?” ಎಂದಳು ಕಳಕವ್ವ.

“ತೋರಿಸಾಕ ಇಳದ ಬಂದೀನಿ ನಮ್ಮವ್ವಾ,” ಎಂದು ವಿಠೋಬಾ ಗಂಟು ಬಿಚ್ಚಿದ. “ಇವ್ರು ಮೌಲಾಸಾಬ ಮೇಸ್ತ್ರಿ. ಕೈಯಿಂದ ಮುಟ್ಟಿ ರೋಗ ಹೇಳ್ತಾರ. ಇನ್ನ ಮ್ಯಾಲೆ ನಿಮಗ ದೂಡೂ ಕೆಲಸಿಲ್ಲ.”

ರೇಣುಕವ್ವ ಮೌಲಾಸಾಬನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲರಿಗಿಂತ ಮೊದಲು ಅವನಿಗೆ ಚಹಾ ತಂದು ಕೊಟ್ಟಳು. ಸೀರೆ ನೋಡಿ ಮುಗಿದ ಮೇಲೆ ಅದೇ ಏರನ್ನು ಅವರು ಎರಡನೆಯ ಸಲ ಏರಿದರು. ಈ ಸಲ ಕೆಳಗಿನಿಂದ ಹೆಂಗಸರು ಚಪ್ಪಾಳೆ ಹೊಡೆದರು. ಅದು ಕೇಳದಿದ್ದರೂ ಮೌಲಾಸಾಬ ತಿರುಗಿ ನೋಡಿದ್ದರಿಂದ ಕಂಡಿತು.

ಮುಂಡರಗಿಯ ಸಂತೆಯಲ್ಲಿ ವಿಠೋಬಾ ಸೀರೆ ಮಾರಿದ್ದಕ್ಕಿಂತ ಈ ಕತೆ ಹೇಳಿದ್ದೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಕೊರ್ಲಹಳ್ಳಿಯ ರೈತ ಪುಂಡಲೀಕಪ್ಪ ತನ್ನ ಗಾಡಿ ತಂದು ಮೌಲಾಸಾಬನ ಮುಂದೆ ನಿಲ್ಲಿಸಿದ. ಮೌಲಾಸಾಬ ಗೇರು ಹಾಕಿ ಚಕ್ರ ತೂಗಿ, “ಚಕ್ರದ ಗುಂಬದಾಗಿನ ರಬ್ಬರ್ ಸತ್ತೈತಿ,” ಎಂದ. ಬಿಚ್ಚಿದರೆ ರಬ್ಬರು ಪುಡಿಯಾಗಿ ಉದುರಿತು. ಸುತ್ತ ನಿಂತ ಜನ ಹೋ ಎಂದರು.

ಲಕ್ಷ್ಮೇಶ್ವರದ ಬಜಾರದ ಬಾಗಿಲು ಮತ್ತೆ ತೆರೆಯಿತು. ಗ್ಯಾರೇಜಿನ ಒಂದು ಮೂಲೆಗೆ ಮೆಹನಾಜ ತನ್ನ ಹೊಲಿಗೆ ಯಂತ್ರ ತಂದಿಟ್ಟುಕೊಂಡಳು. ಗಿರಾಕಿ ಹೇಳಿದ್ದನ್ನು ಅಪ್ಪನಿಗೆ ತುಟಿಯಲ್ಲಿ ಮುಟ್ಟಿಸುತ್ತ ಮುಟ್ಟಿಸುತ್ತ ಅವಳಿಗೇ ಅರ್ಧ ಕೆಲಸ ಬಂತು. ಗದಗ ಜಿಲ್ಲೆಯ ಹೊಸ ಕೆಎ ಇಪ್ಪತ್ತಾರರ ನಂಬರು ಹಚ್ಚಿದ ಗಾಡಿಗಳೂ ಬಂದವು, ಬಣ್ಣ ಹೋದ ಹಳೆಯವೂ ಬಂದವು.

ಒಂದು ಸಂತೆಯ ದಿನ, ಬಜಾರ ತುಂಬಿ ತುಳುಕುವಾಗ, ಶಾನವಾಜ ಗಾಡಿಯೊಂದನ್ನು ತಾನೇ ದೂಡಿಕೊಂಡು ನಡುಬೀದಿಯಲ್ಲಿ ಬಂದ. ಬೇಕಾದರೆ ಯಾರಿಗೂ ಕಾಣದಂತೆ ಹಿಂದಿನ ಓಣಿಯಿಂದ ತರಬಹುದಿತ್ತು. ತರಲಿಲ್ಲ. ಯಾರೋ, “ಏನ್ ಮೇಸ್ತ್ರಿ, ನಿನಗ ಆಗ್ಲಿಲ್ಲೇನು?” ಎಂದು ಕೆಣಕಿದರು.

“ನನಗ ಆಗ್ಲಿಲ್ಲ. ಅದಕ್ಕ ನನ್ನ ಉಸ್ತಾದನ ಕಡೆ ತಂದೀನಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮೆಹನಾಜ ಆ ಮಾತನ್ನು ಅಪ್ಪನಿಗೆ ಒಂದಕ್ಷರ ಬಿಡದೆ ಮುಟ್ಟಿಸಿದಳು.

ಮೌಲಾಸಾಬ ಟೊಪ್ಪಿಗೆ ಸರಿಮಾಡಿಕೊಂಡು ಎದ್ದ. ಗಾಡಿಯನ್ನು ತಾನು ಮುಟ್ಟಲಿಲ್ಲ. ಅಳಿಯನನ್ನು ಅದರ ಪಕ್ಕ ಕೂರಿಸಿ, ಅವನ ಕಣ್ಣಿನ ಮೇಲೆ ತನ್ನ ಟವೆಲ್ ಕಟ್ಟಿ, ಕೈಯನ್ನು ಚೈನಿನ ಮೇಲಿಟ್ಟ.

“ಅವಸರ ಮಾಡಬ್ಯಾಡ,” ಎಂದ. “ಮೆಹನಾಜ ಚಕ್ರಾ ತೂಗ್ತಾಳ. ಎಲ್ಲಿ ಬಿಟ್ಟು, ಎಲ್ಲಿ ಮತ್ತ ಹಿಡೀತೈತಿ, ಹೇಳು.”

ಬಜಾರದ ಜನ ಸಂತೆಯ ಚೀಲಗಳನ್ನು ಕೆಳಗಿಟ್ಟು ಸುತ್ತ ನಿಂತರು. ಶಾನವಾಜ ತಲೆ ವಾಲಿಸಿ ಬಹಳ ಹೊತ್ತು ಕೂತಿದ್ದ. ಆಮೇಲೆ ಅವನ ತುಟಿ ಮೆಲ್ಲಗೆ ನಗತೊಡಗಿತು. “ಸಿಕ್ತು ಮಾಮು, ಇಲ್ಲೇ ಐತಿ,” ಎಂದ. ಮೆಹನಾಜ ತಿರುಗಿಸಿ ಹೇಳುವ ಮೊದಲೇ ಮೌಲಾಸಾಬ, “ಶಾಬಾಸ್!” ಎಂದು ಬಜಾರಕ್ಕೆಲ್ಲ ಕೇಳುವಂತೆ ಕೂಗಿ ಅವನ ಬೆನ್ನು ತಟ್ಟಿದ.